ಕಿಟಕಿ ಪೆಟ್ಟಿಗೆಗೆ ಗಿಡ ಆರಿಸುವ ಮೊದಲು ದಿಕ್ಕು ನೋಡಿ

ಕಾಸರಗೋಡಿನ ಮಳೆಗೂ ಬೇಸಗೆಗೂ ಒಂದೇ ಗಿಡ ಸಾಕು ಅಂದರೆ ಆಗುವ ಮಾತಲ್ಲ. ನಾನು ಪ್ರತಿ ಪೆಟ್ಟಿಗೆಗೂ ವರ್ಷಕ್ಕೆ ಎರಡು ನಾಟಿ ಇಟ್ಟುಕೊಳ್ಳುತ್ತೇನೆ: ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಪತ್ತನಾಜೆ ಕಳೆದ ಮೇಲೆ ಒಂದು, ಅಕ್ಟೋಬರಿನಲ್ಲಿ ಇನ್ನೊಂದು.

ಮಳೆ ಹೊಡೆಯುವುದು ನೈಋತ್ಯದಿಂದ. ಪಡುವಣ, ತೆಂಕಣ ಕಿಟಕಿಗೆ ಎರಡಡಿ ಸಜ್ಜಾ ಇದ್ದರೂ ಇರಿಚಲು ತಪ್ಪದು. ಮಳೆಗಾಲದ ನಾಲ್ಕು ತಿಂಗಳು ಅಲ್ಲಿ ಸದಾಪುಷ್ಪ ಬೇಡ. ಮಣ್ಣಿಗೆ ತಾಗಿದ ಕಡೆ ಕಾಂಡ ಕಪ್ಪಾಗಿ, ಎಲೆ ಹಸಿರಿರುವಾಗಲೇ ಗಿಡ ಬಾಗುತ್ತದೆ. ಅಷ್ಟು ಹೊತ್ತಿಗೆ ಒಳಗೆ ಬೇರು ಕೊಳೆತಿರುತ್ತದೆ. ಬದಲಿಗೆ ಟೊರೇನಿಯಾ, ಗಿಡ್ಡ ತಳಿಯ ಗೌರಿಹೂ (ಬಾಲ್ಸಮ್). ಉದ್ದ ತಳಿಯ ಗೌರಿಹೂ ಗಾಳಿಗೆ ಬುಡದಲ್ಲೇ ಮುರಿಯುತ್ತದೆ. ಹೂವೇ ಬೇಕೆಂದಿಲ್ಲದಿದ್ದರೆ ತಿಮರೆ (ಒಂದೆಲಗ) ಹಾಕಿ, ಚಟ್ನಿಗಾದರೂ ಆದೀತು.

ಬಡಗಣ ಕಿಟಕಿಯನ್ನು ಎಲ್ಲರೂ ನೆರಳಿನದು ಅಂತಲೇ ನಂಬುತ್ತಾರೆ. ಆದರೆ ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ನಮ್ಮಲ್ಲಿ ಸೂರ್ಯ ನಡುಮಧ್ಯಾಹ್ನವೂ ನೆತ್ತಿಯಿಂದ ಬಡಗಕ್ಕೇ ಇರುತ್ತಾನೆ. ಮೇ ತಿಂಗಳ ಓರೆ ಬಿಸಿಲು ಬೆಳಿಗ್ಗೆ, ಸಂಜೆ ನೇರ ಒಳಗೆ ಬೀಳುತ್ತದೆ. ಜನವರಿಯಲ್ಲಿ ನೆಟ್ಟು ಚೆನ್ನಾಗಿ ಬಂದ ಬಿಗೋನಿಯಾದ ಎಲೆಯಂಚು ಆಗ ಸುಡುವುದಕ್ಕೆ ಇದೇ ಕಾರಣ, ನೀರಿನ ಕೊರತೆಯಲ್ಲ. ಆ ತಿಂಗಳ ಮಟ್ಟಿಗೆ ಒಂದು ನೆರಳುಬಲೆ ಕಟ್ಟಿದರೆ ಸಾಕು.

ಪೆಟ್ಟಿಗೆ 60 ಸೆಂ.ಮೀ. ಉದ್ದ, 20 ಅಗಲ, 20 ಆಳ ಇದ್ದರೆ 24 ಲೀಟರ್ ಹಿಡಿಯುತ್ತದೆ. ಬರೀ ಕೆಂಪುಮಣ್ಣು ತುಂಬಿದರೆ ನೆನೆದಾಗ 40 ಕಿಲೋ ಹತ್ತಿರ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ಪ್ಲಾಸ್ಟಿಕ್ ಪ್ಲಗ್ ಬಡಿದು ತೂಗಿಸಿದರೆ ಕಲ್ಲು ಪುಡಿಯಾಗಿ ಪ್ಲಗ್ಗೇ ಹೊರಬರುತ್ತದೆ. ಭಾರ ಕಾಂಕ್ರೀಟಿನ ಮೇಲೇ ಕೂರಬೇಕು. ಮಿಶ್ರಣ ಹೀಗೆ: ತೊಳೆದ ತೆಂಗಿನ ನಾರಿನ ಪುಡಿ ಎರಡು ಪಾಲು, ಸುಡುಮಣ್ಣು (ತರಗೆಲೆ ಹಾಕಿ ಸುಟ್ಟ ಮಣ್ಣು) ಒಂದು, ಕಳಿತ ಗೊಬ್ಬರ ಒಂದು. ನಾರಿನ ಪುಡಿಯನ್ನು ತೊಳೆಯದಿದ್ದರೆ ಅದರ ಉಪ್ಪಿಗೆ ಎಳೆಬೇರು ಕಮರುತ್ತದೆ. ಸುಡುಮಣ್ಣು ಹೆಚ್ಚಾದರೆ ಬೂದಿಯ ಕ್ಷಾರ ಏರಿ ಚಿಗುರೆಲೆ ಹಳದಿಯಾಗುತ್ತದೆ.

ತಳಕ್ಕೆ 10 ಮಿ.ಮೀ.ನ ಆರು ತೂತು ಕೊರೆದು ಮೇಲೆ ಬಲೆಚೂರು ಇಡಿ. ಜಲ್ಲಿ ಹಾಸುವ ಅಭ್ಯಾಸ ಮಾತ್ರ ಬಿಡಿ. ನೀರು ಅದರ ಮೇಲಿನ ಮಣ್ಣಿನಲ್ಲೇ ನಿಂತು ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ.

ಮಳೆಗಾಲದಲ್ಲಿ ಆಫ್ರಿಕನ್ ಬಸವನಹುಳು ಗೋಡೆ ಹತ್ತಿ ಬಂದು ಒಂದೇ ರಾತ್ರಿಯಲ್ಲಿ ಸಸಿಗಳನ್ನು ಬೋಳಿಸುತ್ತದೆ. ಗೋಡೆಯ ಬುಡದಲ್ಲಿ ಪಪ್ಪಾಯಿ ಎಲೆ ಹಾಕಿಟ್ಟರೆ ಅಲ್ಲೇ ಸೇರುತ್ತವೆ, ಕೈಗವಸು ಹಾಕಿ ಹೆಕ್ಕಬಹುದು. ಪೆಟ್ಟಿಗೆಗೆ ಉಪ್ಪು ಎರಚಬಾರದು.

ಅಕ್ಟೋಬರಿನಲ್ಲಿ ಹಳೆಯದನ್ನು ಕಿತ್ತು, ಕುಸಿದಷ್ಟು ಮಿಶ್ರಣ ತುಂಬಿ, ಹತ್ತುಗಂಟೆ ಹೂವಿನ (ಪೋರ್ಚುಲಕಾ) ಬೆರಳುದ್ದದ ತುಂಡುಗಳನ್ನು ನಾಲ್ಕಿಂಚಿಗೊಂದರಂತೆ ಊರುತ್ತೇನೆ. ಕುಂಬಳೆ, ಮಂಜೇಶ್ವರದ ಕಡಲ ಬದಿಯ ಉಪ್ಪುಗಾಳಿಗೂ ಅದು ತಡೆಯುತ್ತದೆ. ಬಿಸಿಲು ನಾಲ್ಕೈದು ಗಂಟೆಗಿಂತ ಕಡಿಮೆ ಇರುವ ಕಿಟಕಿಯಲ್ಲಿ ಮಾತ್ರ ಮೊಗ್ಗು ಬಿಟ್ಟರೂ ಸರಿಯಾಗಿ ಅರಳದು.