ಡೇಟಾಬೇಸ್ ಸಂಪರ್ಕ ಸಿಗುತ್ತಿಲ್ಲವೇ? ಮೊದಲು ದೋಷದ ಸಂಖ್ಯೆ ಓದಿ

‘ಸರ್ವರ್‌ಗೆ ಸಂಪರ್ಕ ಸಾಧ್ಯವಾಗಿಲ್ಲ’ ಎಂಬ ಸಂದೇಶ ಕಂಡೊಡನೆ ಬಹುತೇಕರು ಪಾಸ್‌ವರ್ಡ್ ಬದಲಿಸಲು ಹೊರಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಜಾಲದ ಕಾವಲುಗಾರನಾದ ಫೈರ್‌ವಾಲನ್ನೇ ನಿಲ್ಲಿಸಿಬಿಡುತ್ತಾರೆ. ಎರಡೂ ಬೇಡ. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ಸರ್ವರ್‌ನಲ್ಲಿ ನಿಮ್ಮ ಕೋರಿಕೆ ಎಲ್ಲಿ ಹೋಗಿ ನಿಂತಿತು ಎಂಬುದನ್ನು ದೋಷದ ಸಂಖ್ಯೆಯೇ ಹೇಳುತ್ತದೆ.

2003 ಎಂದರೆ ನೀವಿನ್ನೂ ಡೇಟಾಬೇಸನ್ನು ಮುಟ್ಟಿಯೇ ಇಲ್ಲ. ಪಾಸ್‌ವರ್ಡ್‌ನ ಪ್ರಶ್ನೆ ಆಮೇಲಿನದು. ಸಂದೇಶದ ತುದಿಯಲ್ಲಿ ಆವರಣದೊಳಗೆ ಇನ್ನೊಂದು ಸಂಖ್ಯೆ ಇರುತ್ತದೆ, ಕಣ್ಣು ಅಲ್ಲಿಗೆ ಹೋಗಲಿ. ಲಿನಕ್ಸ್‌ನಲ್ಲಿ 111, ವಿಂಡೋಸ್‌ನಲ್ಲಿ 10061 ಇದ್ದರೆ ಯಂತ್ರ ಸಿಕ್ಕಿದೆ, ಆದರೆ ನೀವು ತಟ್ಟಿದ ಪೋರ್ಟ್‌ನಲ್ಲಿ (ಯಂತ್ರದೊಳಗಿನ ಸೇವೆಗೆ ಗೊತ್ತುಪಡಿಸಿದ ಬಾಗಿಲಿನ ಸಂಖ್ಯೆ) ನಿಮ್ಮ ಕೋರಿಕೆಗೆ ಕಿವಿಗೊಡುವವರಿಲ್ಲ. 110 ಅಥವಾ 10060 ಇದ್ದರೆ ಉತ್ತರವೇ ಬಂದಿಲ್ಲ: ಐಪಿ ವಿಳಾಸ ತಪ್ಪಿರಬೇಕು, ಇಲ್ಲವೇ ನಡುವೆ ಫೈರ್‌ವಾಲ್ ತಡೆದಿರಬೇಕು.

111 ಅಥವಾ 10061 ಬಂದಿದ್ದರೆ ಸರ್ವರ್ ಸೇವೆ ಚಾಲೂ ಇದೆಯೇ, ಪೋರ್ಟ್ 3306 ಹೌದೇ ನೋಡಿ. ಎರಡೂ ಸರಿಯಿದ್ದರೆ ಸಂರಚನಾ ಕಡತದಲ್ಲಿ, ಸರ್ವರ್ ಯಾವ ವಿಳಾಸದಲ್ಲಿ ಕಿವಿಗೊಡಬೇಕೆಂದು ಹೇಳುವ ‘ಬೈಂಡ್-ಅಡ್ರೆಸ್’ ಸಾಲು ಹುಡುಕಿ. ಉಬುಂಟುವಿನಲ್ಲಿ ಅದು ಮೊದಲಿಗೆ 127.0.0.1 ಆಗಿರುತ್ತದೆ, ಅಂದರೆ ಸರ್ವರ್ ತನ್ನ ಯಂತ್ರದವರ ಮಾತನ್ನು ಮಾತ್ರ ಕೇಳುತ್ತದೆ. ಅಲ್ಲಿ ಕಚೇರಿ ಜಾಲದೊಳಗಿನ ವಿಳಾಸ ಕೊಟ್ಟು ಸೇವೆಯನ್ನು ಮತ್ತೆ ಆರಂಭಿಸಿ. ಕೆಲವರು ಕಣ್ಣುಮುಚ್ಚಿ 0.0.0.0 (ಯಂತ್ರದ ಎಲ್ಲ ವಿಳಾಸಗಳೂ ಎಂದರ್ಥ) ಬರೆಯುತ್ತಾರೆ, ಸರ್ವರ್‌ಗೆ ಸಾರ್ವಜನಿಕ ಐಪಿ ಇದ್ದರೆ ಅದು ಊರಿಗೆಲ್ಲ ಬಾಗಿಲು ತೆರೆದಿಟ್ಟಂತೆ.

2002 ಬಂದರೆ ಗಾಬರಿ ಬೇಡ. ಲಿನಕ್ಸ್‌ನಲ್ಲಿ ‘ಲೋಕಲ್‌ಹೋಸ್ಟ್’ (ಇದೇ ಯಂತ್ರ) ಎಂದು ಬರೆದರೆ ಸಂಪರ್ಕ ಜಾಲದ ಮೂಲಕವಲ್ಲ, ಅದೇ ಯಂತ್ರದೊಳಗಿನ ಸಂಪರ್ಕಕ್ಕೆಂದಿರುವ ಸಾಕೆಟ್ ಕಡತದ ಮೂಲಕ ನಡೆಯುತ್ತದೆ. ಅದರ ಬದಲು 127.0.0.1 ಕೊಟ್ಟು ನೋಡಿ. ಕೆಲಸ ನಡೆದರೆ ಸರ್ವರ್ ಸರಿಯಿದೆ, ಸಾಕೆಟ್‌ನ ದಾರಿ ತಪ್ಪಿದೆ.

ಪಾಸ್‌ವರ್ಡ್‌ನ ಸರದಿ ಬರುವುದು 1045 ಕಂಡಾಗ. ಆಗಲೂ ಸಂದೇಶವನ್ನು ಪೂರ್ತಿ ಓದಬೇಕು. ಕೊನೆಯಲ್ಲಿ ‘ಯೂಸಿಂಗ್ ಪಾಸ್‌ವರ್ಡ್: ನೋ’ ಎಂದಿದ್ದರೆ ಪಾಸ್‌ವರ್ಡ್ ತಪ್ಪಲ್ಲ, ಅದನ್ನು ಕಳುಹಿಸಿಯೇ ಇಲ್ಲ; ಡೇಟಾಬೇಸ್ ಬಳಸುವ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ಆ ಜಾಗ ಖಾಲಿ ಉಳಿದಿರಬಹುದು. ‘ಯೆಸ್’ ಇದ್ದರೆ ಬಳಕೆದಾರರ ಹೆಸರಿನ ಪಕ್ಕದ ಯಂತ್ರದ ವಿಳಾಸ ಗಮನಿಸಿ. ಮೈಎಸ್‌ಕ್ಯುಎಲ್‌ನಲ್ಲಿ ಹೆಸರು ಮತ್ತು ವಿಳಾಸ ಸೇರಿದರೇ ಒಂದು ಖಾತೆ. ಒಂದೇ ಹೆಸರಿನವರು ಲೋಕಲ್‌ಹೋಸ್ಟ್‌ನಿಂದ ಬಂದರೆ ಒಂದು ಖಾತೆ, ಬೇರೆ ಯಂತ್ರದಿಂದ ಬಂದರೆ ಇನ್ನೊಂದು. ಪಾಸ್‌ವರ್ಡ್, ಹಕ್ಕುಗಳೂ ಬೇರೆ ಬೇರೆ ಇರಬಹುದು. ನಿಮ್ಮ ಯಂತ್ರದಿಂದ ಬರಲು ಯಾವ ಖಾತೆಗೂ ಅನುಮತಿ ಇಲ್ಲದಿದ್ದರೆ 1130 ಬರುತ್ತದೆ. ಆಗ ಬೇಕಾದ ವಿಳಾಸಕ್ಕಷ್ಟೇ ಖಾತೆ ತೆರೆಯಿರಿ. ವಿಳಾಸದ ಜಾಗದಲ್ಲಿ ಶೇಕಡಾ ಚಿಹ್ನೆ (%) ಹಾಕಿ ಎಲ್ಲರಿಗೂ ಬಿಡುವುದು ಸೋಮಾರಿತನ.

ನಿನ್ನೆಯವರೆಗೆ ಸರಿಯಿದ್ದು ಇಂದು ಮಧ್ಯಾಹ್ನದ ಹೊತ್ತಿಗೆ 1040 ಕಾಣಿಸಿಕೊಂಡರೆ ಸಂಪರ್ಕಗಳ ಮಿತಿ ಮುಗಿದಿದೆ ಎಂದರ್ಥ. ನೀವು ಬದಲಿಸಿರದಿದ್ದರೆ ಈ ಮಿತಿ 151. ಆಡಳಿತಗಾರರಿಗೆಂದು ಒಂದು ಸಂಪರ್ಕ ಹೆಚ್ಚುವರಿಯಾಗಿ ಮೀಸಲಿರುತ್ತದೆ. ಅದರಿಂದ ಒಳಹೊಕ್ಕು, ಸದ್ಯದ ಸಂಪರ್ಕಗಳ ಪಟ್ಟಿ ತೋರಿಸುವ ‘ಶೋ ಪ್ರೊಸೆಸ್‌ಲಿಸ್ಟ್’ ಆದೇಶ ಕೊಡಿ. ಪಟ್ಟಿಯ ತುಂಬ ‘ಸ್ಲೀಪ್’ (ಕೆಲಸವಿಲ್ಲದೆ ತೆರೆದಿರುವುದು) ಎಂದೇ ಇದ್ದರೆ ತಂತ್ರಾಂಶವು ತೆರೆದ ಸಂಪರ್ಕಗಳನ್ನು ಮುಚ್ಚುತ್ತಿಲ್ಲ. ಮಿತಿಯನ್ನು 500ಕ್ಕೆ ಏರಿಸಿದರೆ ಒಂದಷ್ಟು ದಿನ ನೆಮ್ಮದಿ ಸಿಗಬಹುದು, ಆದರೆ ಪ್ರೋಗ್ರಾಂ ಬರೆದವರಿಗೆ ಆ ಪಟ್ಟಿಯನ್ನು ಇಂದೇ ಕಳುಹಿಸಿ.