ತೊಂಬತ್ತು ಪೈಸೆ ಆದ ಮೇಲೆ ಹತ್ತು ಪೈಸೆ

ಪರ್ಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನೊಂದು ಪುಟ್ಟ ಮಾಡ್ಯೂಲ್, ಅಂದರೆ ಬೇರೆಯವರೂ ಬಳಸಬಹುದಾದ ಕೋಡ್ ತುಣುಕು, ಬರೆದಿದ್ದೇನೆ. ಅಂಕಿ ಕೊಟ್ಟರೆ 'ನೂರ ಇಪ್ಪತ್ತು ರೂಪಾಯಿ' ಎಂದು ಕನ್ನಡದಲ್ಲಿ ಬರೆದುಕೊಡುತ್ತದೆ. ಮೈಸೂರಿನ ಕುವೆಂಪುನಗರದ ಮನೆಯಲ್ಲಿ ರಾತ್ರಿ ಊಟ ಆದ ಮೇಲೆ ಕೂತು ಮಾಡಿದ್ದು. ಪರ್ಲ್ ಮಾಡ್ಯೂಲ್‌ಗಳ ಆನ್‌ಲೈನ್ ಭಂಡಾರವಾದ ಸಿಪ್ಯಾನ್‌ಗೆ (CPAN) ಅದರ ವರ್ಷನ್‌ಗಳನ್ನು 0.7, 0.8, 0.9 ಅಂತ ಒಂದೊಂದೇ ಹಾಕುತ್ತಾ ಬಂದೆ. ಮುಂದಿನದಕ್ಕೆ 0.10 ಕೊಟ್ಟೆ. ಒಂಬತ್ತಾದ ಮೇಲೆ ಹತ್ತು, ಅಲ್ವಾ?

ಮರುದಿನ ಮಂಡ್ಯದ ಗೆಳೆಯ ಫೋನ್ ಮಾಡಿದ. "ಏನ್ ಗುರೂ, ಹೊಸದು ಹಾಕಿದೀನಿ ಅಂದೆ. ಇಲ್ಲಿ 0.9 ಅನ್ನೋದೇ ಹೊಸದು ಅಂತಿದೆಯಲ್ಲ?"

ಮೇಲ್ ತೆಗೆದು ನೋಡಿದೆ. ಪಾಸ್ (PAUSE) ಅನ್ನೋ ಸರ್ವರ್ ಮೂಲಕ ತಾನೇ ನಾವು ಸಿಪ್ಯಾನ್‌ಗೆ ಫೈಲ್ ಹಾಕೋದು. ಮಾಡ್ಯೂಲ್‌ಗಳ ಪಟ್ಟಿ ಮಾಡುವ ಅದರ ಪ್ರೋಗ್ರಾಮ್, ಅಂದರೆ ಇಂಡೆಕ್ಸರ್, ರಾತ್ರಿಯೇ ಬರೆದಿತ್ತು: ವರ್ಷನ್ ಸಂಖ್ಯೆ ಇಳಿದಿದೆ, ಪಟ್ಟಿಗೆ ಸೇರಿಸಿಲ್ಲ. ಫೈಲ್ ಅಲ್ಲೇ ಇತ್ತು. ಆದರೆ ಮಾಡ್ಯೂಲಿನ ಹೆಸರು ಹೇಳಿ ಇನ್‌ಸ್ಟಾಲ್ ಮಾಡುವವರಿಗೆ ಸಿಗೋದು ಪಟ್ಟಿಯಲ್ಲಿ ಇರುವುದು ಮಾತ್ರ.

ಒಂದೇ ಚುಕ್ಕಿಯ ವರ್ಷನ್ ಪರ್ಲ್‌ಗೆ ದಶಮಾಂಶ ಸಂಖ್ಯೆ. 0.9 ಅಂದರೆ ತೊಂಬತ್ತು ಪೈಸೆ, 0.10 ಅಂದರೆ ಹತ್ತು ಪೈಸೆ. ರೂಪಾಯಿ ಲೆಕ್ಕದ ಮಾಡ್ಯೂಲ್ ಬರೆದವನಿಗೇ ಇದು ಹೊಳೆಯಲಿಲ್ಲ!

ಅಳಿಸಿ, ಸರಿ ಮಾಡಿ ಅದೇ ಹೆಸರಲ್ಲಿ ಹಾಕೋಣ ಅಂದರೆ ಪಾಸ್ ಬಿಡುವುದಿಲ್ಲ. ಒಮ್ಮೆ ಬಳಸಿದ ಫೈಲ್ ಹೆಸರು ಮುಗಿಯಿತು. "ಎರಡು ಚುಕ್ಕಿ ಇಡು, ವಿ0.10.0 ಅಂತ ಹಾಕು" ಎಂದ ಗೆಳೆಯ. ಸದ್ಯ, ಹಾಕುವ ಮೊದಲು ಹೋಲಿಸಿ ನೋಡಿದೆ. ಆ ಲೆಕ್ಕದಲ್ಲಿ ಪ್ರತಿ ಚುಕ್ಕಿಯ ನಂತರದ ಅಂಕಿಗೆ ಮೂರು ಸ್ಥಾನ. ಅಂದರೆ ಅದು 0.010. ಹತ್ತು ಪೈಸೆ ಹೋಗಿ ಒಂದು ಪೈಸೆ ಆಗುತ್ತಿತ್ತು.

ಕೊನೆಗೆ 1.001ಕ್ಕೆ ಜಿಗಿದೆ. ಮೂರು ಸ್ಥಾನ ಇಟ್ಟಿದ್ದಕ್ಕೆ ಇನ್ನೊಂದು ಅನುಕೂಲ: ಅದು ವಿ1.1.0ಗೆ ಸಮ. ಮುಂದೆ ಎರಡು ಚುಕ್ಕಿಗೆ ಹೋದರೂ ಸಂಖ್ಯೆ ಇಳಿಯುವುದಿಲ್ಲ. ಈಗ ಅಪ್‌ಲೋಡ್‌ಗೆ ಮೊದಲು ಹಳೆಯದು ಹೊಸದು ಎರಡನ್ನೂ ಪರ್ಲ್‌ನ 'ವರ್ಷನ್' ಅನ್ನೋ ಮಾಡ್ಯೂಲಿಗೆ ಕೊಟ್ಟು ಯಾವುದು ದೊಡ್ಡದು ಅಂತ ಕೇಳುತ್ತೇನೆ. ಎರಡು ಸಾಲಿನ ಸ್ಕ್ರಿಪ್ಟ್, ಅಷ್ಟೇ.

ಮೊನ್ನೆ ಕೋಡ್‌ನಲ್ಲಿ 1.010 ಬರೆಯುವಾಗ ಸುತ್ತ ಉದ್ಧರಣ ಚಿಹ್ನೆ (ಕೋಟ್) ಹಾಕಲು ಮರೆತೆ. ಪರ್ಲ್ ಕೊನೆಯ ಸೊನ್ನೆ ನುಂಗಿ 1.01 ಮಾಡಿತು. ಬೆಲೆ ಒಂದೇ, ಹಾಗಾಗಿ ಇಂಡೆಕ್ಸರ್ ಸುಮ್ನಿತ್ತು. ಮಂಡ್ಯದಿಂದ ಮಾತ್ರ ಫೋನ್ ಬಂತು: "ಗುರೂ, ಸೊನ್ನೆ ಎಲ್ಲಿ?"