ಫುಲ್ ಫ್ರೇಮ್ ಕ್ಯಾಮೆರಾಗೆ ವೈಡ್ ಲೆನ್ಸ್: ಎಷ್ಟು ಅಗಲ ಬೇಕು, ಏನೇನು ನೋಡಿ ಕೊಳ್ಳಬೇಕು

ವೈಡ್ ಲೆನ್ಸ್ ಕೊಳ್ಳಲು ಹೊರಟವರ ತಲೆಯಲ್ಲಿ ಸಾಮಾನ್ಯವಾಗಿ ಇರುವುದು ಒಂದೇ: ಕಣ್ಣೆದುರು ಇರುವುದೆಲ್ಲ ಫ್ರೇಮಿನೊಳಗೆ ಹಿಡಿಸಬೇಕು. ಹಿಡಿಸುತ್ತದೆ, ಆದರೆ ಹಿಡಿಸಿದ್ದೆಲ್ಲ ಚಿಕ್ಕದೂ ಆಗುತ್ತದೆ. ನಿಂತ ಜಾಗ ಬಿಟ್ಟು ಕದಲದೆ ಫೋಕಲ್ ಲೆಂಗ್ತ್ (ಲೆನ್ಸಿನ ಎಂ.ಎಂ. ಸಂಖ್ಯೆ, ಅದು ಕಿರಿದಾದಷ್ಟೂ ನೋಟ ಅಗಲ) 24 ಎಂ.ಎಂ.ನಿಂದ 16 ಎಂ.ಎಂ.ಗೆ ಹೋದರೆ ದೂರದ ಬೆಟ್ಟದ ಎತ್ತರ ಚಿತ್ರದಲ್ಲಿ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಉಳಿದ ಜಾಗವನ್ನು ಖಾಲಿ ಆಕಾಶ, ಖಾಲಿ ನೆಲ ತುಂಬಿಕೊಳ್ಳುತ್ತವೆ. ಅತಿ ಅಗಲದ ಲೆನ್ಸ್ ಕೆಲಸಕ್ಕೆ ಬರುವುದು ಮುಂದೆ ಒಂದು ಬಂಡೆಯೋ ಬೇರೋ ಇದ್ದು, ಅದರ ಹತ್ತಿರಕ್ಕೆ, ಒಂದು ಮೀಟರಿನೊಳಗೆ, ಹೋಗಿ ನಿಲ್ಲುವವರಿಗೆ. ಇಲ್ಲವೇ ಹಿಂದೆ ಸರಿಯಲು ಜಾಗವೇ ಇಲ್ಲದ ಕೋಣೆಯಲ್ಲಿ. ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದದ್ದು: ನೀವು ವಸ್ತುವಿಗೆ ಎಷ್ಟು ಹತ್ತಿರ ನಿಲ್ಲುತ್ತೀರಿ?

ಇದಕ್ಕೆ ಉತ್ತರ ಕಂಡುಕೊಳ್ಳಲು ಖರ್ಚಿಲ್ಲ. ಕ್ಯಾಮೆರಾ ಜೊತೆ ಬಂದ ಕಿಟ್ ಜೂಮ್ 24ರಿಂದ ಆರಂಭವಾಗುತ್ತಿದ್ದರೆ, ಹಳೆಯ ಫೋಟೋಗಳ ಎಕ್ಸಿಫ್ ಮಾಹಿತಿ (ಫೋಟೋ ಫೈಲಿನೊಳಗೆ ಕ್ಯಾಮೆರಾ ಬರೆದಿಡುವ ವಿವರ) ತೆರೆದು 24ರಲ್ಲೇ ತೆಗೆದವನ್ನೆಲ್ಲ ಬೇರೆ ಮಾಡಿ. ಅವುಗಳಲ್ಲಿ ಎಷ್ಟನ್ನು ಆಮೇಲೆ ಕ್ರಾಪ್ ಮಾಡಿದ್ದೀರಿ, ಎಷ್ಟರಲ್ಲಿ ಅಂಚಿಗೆ ಏನಾದರೂ ಕತ್ತರಿಸಿಹೋಗಿದೆ ನೋಡಿ. ಬಹುಪಾಲು ಕ್ರಾಪ್ ಆಗಿದ್ದರೆ ಇನ್ನೂ ಅಗಲದ ಲೆನ್ಸಿಂದ ಲಾಭವಿಲ್ಲ. ಇಂದಿನ ಬಹಳಷ್ಟು ಫೋನುಗಳ ಮುಖ್ಯ ಕ್ಯಾಮೆರಾ ಹೆಚ್ಚುಕಮ್ಮಿ 24ರಿಂದ 26 ಎಂ.ಎಂ.ಗೆ ಸಮ, ಅಲ್ಟ್ರಾ ವೈಡ್ ಕ್ಯಾಮೆರಾ ಸುಮಾರು 13ಕ್ಕೆ ಸಮ. ಒಂದು ವಾರ ಆ ಎರಡರಲ್ಲೂ ಒಂದೇ ದೃಶ್ಯ ತೆಗೆದು ಹೋಲಿಸಿದರೆ ನಿಮ್ಮ ಒಲವು ತಾನಾಗಿ ಗೊತ್ತಾಗುತ್ತದೆ.

ಕೋಣೆ, ಕಟ್ಟಡಗಳ ಕೆಲಸಕ್ಕಾದರೆ ಲೆಕ್ಕವೇ ಹಾಕಬಹುದು. ಫುಲ್ ಫ್ರೇಮ್ ಸೆನ್ಸರ್ 36 ಎಂ.ಎಂ. ಅಗಲ, 24 ಎಂ.ಎಂ. ಎತ್ತರ. ಕ್ಯಾಮೆರಾ ಅಡ್ಡ ಹಿಡಿದಾಗ ಫ್ರೇಮಿನಲ್ಲಿ ಹಿಡಿಸುವ ಅಗಲ ಬೇಕೆಂದರೆ ದೂರವನ್ನು 36ರಿಂದ ಗುಣಿಸಿ ಫೋಕಲ್ ಲೆಂಗ್ತಿನಿಂದ ಭಾಗಿಸಿ. ಮೂರು ಮೀಟರ್ ದೂರದಿಂದ 35 ಎಂ.ಎಂ. ಮೂರು ಮೀಟರಿಗಿಂತ ತುಸು ಹೆಚ್ಚು ಅಗಲದ ಗೋಡೆಯನ್ನು ತೋರಿಸುತ್ತದೆ, 24 ಎಂ.ಎಂ. ನಾಲ್ಕೂವರೆ ಮೀಟರ್, 20 ಎಂ.ಎಂ. 5.4 ಮೀಟರ್, 16 ಎಂ.ಎಂ. 6.75 ಮೀಟರ್. ವೈಡ್ ತುದಿಯಲ್ಲಿ ಒಂದೊಂದು ಮಿಲಿಮೀಟರಿಗೂ ಬೆಲೆಯಿದೆ: 16ರಿಂದ 14ಕ್ಕೆ ಇಳಿದರೆ ಅಡ್ಡ ಕೋನ ಸುಮಾರು 97 ಡಿಗ್ರಿಯಿಂದ 104ಕ್ಕೆ ಏರುತ್ತದೆ. 70ಕ್ಕೂ 72ಕ್ಕೂ ವ್ಯತ್ಯಾಸ ಕಾಣುವುದೇ ಇಲ್ಲ.

ಅಂಚಿನಲ್ಲಿ ಆಗುವ ಎಳೆತ

ಫಿಶ್ ಐ (ಗೆರೆಗಳನ್ನು ಬಾಗಿಸಿಯೇ ತೋರಿಸುವ ಅತಿ ಅಗಲದ ಲೆನ್ಸ್) ಅಲ್ಲದ ಸಾಮಾನ್ಯ ವೈಡ್ ಲೆನ್ಸು ನೇರ ಗೆರೆಯನ್ನು ನೇರವಾಗಿಯೇ ಉಳಿಸುತ್ತದೆ. ಅದಕ್ಕೆ ತೆರಬೇಕಾದ ದಂಡವೆಂದರೆ ಮೂಲೆಗಳಲ್ಲಿ ಆಕಾರಗಳು ಹೊರಗಡೆಗೆ ಎಳೆದಂತಾಗುವುದು. ಫ್ರೇಮಿನ ತುದಿ ಮೂಲೆಯಲ್ಲಿ ಒಂದು ಚೆಂಡಿಟ್ಟರೆ 35 ಎಂ.ಎಂ.ನಲ್ಲಿ ಅದರ ಉದ್ದ ಅಗಲಕ್ಕಿಂತ 1.2 ಪಟ್ಟಿನಷ್ಟು, 24ರಲ್ಲಿ 1.35 ಪಟ್ಟು, 14ರಲ್ಲಿ 1.8 ಪಟ್ಟು. ಇದು ಲೆನ್ಸಿನ ದೋಷವಲ್ಲ, ಜ್ಯಾಮಿತಿ. ದುಬಾರಿ ಲೆನ್ಸಿಗೂ ತಪ್ಪಿದ್ದಲ್ಲ. ಗುಂಪು ಫೋಟೋದಲ್ಲಿ ತುದಿಗೆ ನಿಂತವರ ತಲೆ ಮೊಟ್ಟೆಯಾಗುವುದು ಇದರಿಂದಲೇ. ಜನರನ್ನು ತೆಗೆಯುವುದೇ ಹೆಚ್ಚಾದರೆ 28 ಅಥವಾ 35ರಲ್ಲಿ ನಿಲ್ಲಿ. 24 ಬಳಸಿದರೂ ಮುಖಗಳು ಅಂಚಿನಿಂದ ದೂರವಿರಲಿ.

ಬ್ಯಾರೆಲ್ ಡಿಸ್ಟಾರ್ಷನ್ ಬೇರೆ ವಿಷಯ. ಗೆರೆಗಳೇ ಹೊರಕ್ಕೆ ಬಾಗುವ ಆ ದೋಷವನ್ನು ಕ್ಯಾಮೆರಾ ಇಲ್ಲವೇ ಸಾಫ್ಟ್‌ವೇರ್ ಸರಿಪಡಿಸುತ್ತದೆ. ಮಿರರ್‌ಲೆಸ್‌ಗಾಗಿ ಬಂದ ಹಲವು ಸಣ್ಣ ಲೆನ್ಸುಗಳ ವಿನ್ಯಾಸ ಈ ತಿದ್ದುಪಡಿಯನ್ನು ನಂಬಿಕೊಂಡೇ ನಿಂತಿದೆ. ಕ್ಯಾನನ್‌ನ ಆರ್‌ಎಫ್ 16 ಎಂ.ಎಂ. ಎಫ್/2.8 ಕೇವಲ 165 ಗ್ರಾಂ ತೂಗುತ್ತದೆ. ಅದರ ತಿದ್ದದ ರಾ ಫೈಲ್ (ಸೆನ್ಸರಿನಿಂದ ಬಂದ ಕಚ್ಚಾ ಫೈಲ್) ತೆರೆದರೆ ಗೆರೆಗಳು ಚೆನ್ನಾಗಿಯೇ ಬಾಗಿರುತ್ತವೆ, ಮೂಲೆ ಕಪ್ಪಾಗಿರುತ್ತದೆ. ತಿದ್ದಿದ ಮೇಲೆ ಮೂಲೆಯ ಪಿಕ್ಸೆಲ್‌ಗಳನ್ನು ಹಿಗ್ಗಿಸಿರುವುದರಿಂದ ಅಲ್ಲಿ ವಿವರ ತುಸು ಸಡಿಲ. ಪ್ರವಾಸಕ್ಕೆ ಇದು ಒಪ್ಪತಕ್ಕ ವಿನಿಮಯ. ಕಟ್ಟಡಗಳ ದೊಡ್ಡ ಪ್ರಿಂಟ್ ಮಾಡುವವರಿಗಲ್ಲ.

ಕಟ್ಟಡದವರಿಗೆ ಇನ್ನೊಂದು ಮಾತು. ಕ್ಯಾಮೆರಾ ಮೇಲಕ್ಕೆ ಓರೆಯಾದ ಕೂಡಲೆ ಗೋಡೆಗಳು ಒಳಕ್ಕೆ ವಾಲುತ್ತವೆ. ಸಾಫ್ಟ್‌ವೇರಿನಲ್ಲಿ ನೆಟ್ಟಗೆ ಮಾಡಬಹುದು, ಆದರೆ ಎರಡೂ ಪಕ್ಕ ಕತ್ತರಿಸಿಹೋಗುತ್ತದೆ. ಹಾಗಾಗಿ ಬೇಕೆನಿಸಿದ್ದಕ್ಕಿಂತ ಒಂದು ಹೆಜ್ಜೆ ಅಗಲದ ಲೆನ್ಸ್ ತೆಗೆದುಕೊಂಡು, ಕ್ಯಾಮೆರಾವನ್ನು ಮಟ್ಟಸವಾಗಿಟ್ಟು, ಕೆಳಗೆ ಉಳಿದ ನೆಲವನ್ನು ಕ್ರಾಪ್ ಮಾಡುವುದೇ ಮೇಲು. ಇದೇ ಹೊಟ್ಟೆಪಾಡಾದರೆ ಕ್ಯಾನನ್ ಟಿಎಸ್-ಇ 17 ಎಂ.ಎಂ., ನಿಕಾನ್ ಪಿಸಿ 19 ಎಂ.ಎಂ. ಥರದ, ಕ್ಯಾಮೆರಾ ಓರೆ ಮಾಡದೆ ಲೆನ್ಸನ್ನೇ ಮೇಲೆ ಕೆಳಗೆ ಸರಿಸಬಲ್ಲ ಟಿಲ್ಟ್ ಶಿಫ್ಟ್ ಲೆನ್ಸ್ ನೋಡಿ.

ಎಫ್/2.8 ಬೇಕೋ, ಎಫ್/4 ಸಾಕೋ

ಎಫ್ ಸಂಖ್ಯೆ ಲೆನ್ಸಿನ ತೆರಪಿನ, ಅಂದರೆ ಅಪರ್ಚರಿನ, ಅಳತೆ: ಸಂಖ್ಯೆ ಕಿರಿದಾದಷ್ಟೂ ತೆರಪು ದೊಡ್ಡದು, ಬೆಳಕು ಹೆಚ್ಚು. ಹಗಲಿನ ನಿಸರ್ಗ ಚಿತ್ರಗಳನ್ನು ಕ್ಯಾಮೆರಾ ಟ್ರೈಪಾಡ್ ಮೇಲಿಟ್ಟು ಎಫ್/8, ಎಫ್/11ರಲ್ಲಿ ತೆಗೆಯುವವರಿಗೆ ಎಫ್/4 ಜೂಮ್ ಸಾಕು, ಅನುಮಾನ ಬೇಡ. ತೂಕ ಕಡಿಮೆ, ಫಿಲ್ಟರ್ ಚಿಕ್ಕದು. ನಿಕಾನ್ ಝಡ್ 14-30 ಎಫ್/4 ಅರ್ಧ ಕಿಲೋಗೂ ಕಡಿಮೆ, 14ರವರೆಗೆ ಹೋದರೂ ಮುಂದೆ ಮಾಮೂಲಿ 82 ಎಂ.ಎಂ. ಫಿಲ್ಟರ್ ತಿರುಪಬಹುದು. ಎಫ್/16 ದಾಟಿದರೆ, ಕಿರಿದಾದ ತೆರಪಿನಲ್ಲಿ ಬೆಳಕು ಚದುರುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರ ಮೆದುವಾಗುತ್ತದೆ. ವೈಡ್‌ನಲ್ಲಿ ಅಷ್ಟು ಮುಚ್ಚುವ ಅಗತ್ಯವೂ ಕಡಿಮೆ. ಎಫ್/8ರಲ್ಲಿ 16 ಎಂ.ಎಂ. ಲೆನ್ಸನ್ನು ಸುಮಾರು 1.1 ಮೀಟರಿಗೆ ಫೋಕಸ್ ಮಾಡಿದರೆ ಅರ್ಧ ಮೀಟರಿನಿಂದ ಅನಂತದವರೆಗೆ ಸ್ಪಷ್ಟ. 24 ಎಂ.ಎಂ.ಗೆ ಫೋಕಸ್ ಮಾಡಬೇಕಾದ ದೂರ 2.4 ಮೀಟರ್. 45 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ ಈ ಲೆಕ್ಕ ಸ್ವಲ್ಪ ಉದಾರವಾಯಿತು, ಆದ್ದರಿಂದ ಎಫ್/11 ಇಟ್ಟು ತುಸು ದೂರಕ್ಕೆ ಫೋಕಸ್ ಮಾಡಿ.

ರಾತ್ರಿಯ ಆಕಾಶಕ್ಕೆ ಬಂದರೆ ನಿಯಮವೇ ಬದಲು. ನಕ್ಷತ್ರ ಗೆರೆಯಾಗದಂತೆ ಎಷ್ಟು ಸೆಕೆಂಡ್ ತೆರೆದಿಡಬಹುದು ಎನ್ನುವುದಕ್ಕೆ 500ನ್ನು ಫೋಕಲ್ ಲೆಂಗ್ತಿನಿಂದ ಭಾಗಿಸುವ ರೂಢಿಯಿದೆ: 20 ಎಂ.ಎಂ.ಗೆ 25 ಸೆಕೆಂಡ್. ಹೆಚ್ಚು ಮೆಗಾಪಿಕ್ಸೆಲ್ ಇರುವ ಕ್ಯಾಮೆರಾದಲ್ಲಿ ಅಷ್ಟಕ್ಕೇ ಗೆರೆ ಕಾಣುತ್ತದೆ. 300ರಿಂದ ಲೆಕ್ಕ ಹಾಕಿ 15 ಸೆಕೆಂಡಿಗೆ ನಿಲ್ಲಿಸುವುದು ಕ್ಷೇಮ. ಸಮಯ ಹೀಗೆ ಕಟ್ಟಿಹಾಕಿದ್ದರಿಂದ ಬೆಳಕು ಬರಬೇಕಾದದ್ದು ಅಪರ್ಚರಿನಿಂದಲೇ. 14 ಎಂ.ಎಂ. ಎಫ್/2.8 ಲೆನ್ಸಿನ ತೆರಪಿನ ವ್ಯಾಸ 5 ಎಂ.ಎಂ., 20 ಎಂ.ಎಂ. ಎಫ್/1.8ರದು 11 ಎಂ.ಎಂ. ಅಂದರೆ ಅಷ್ಟೇ ಸಮಯದಲ್ಲಿ ಒಂದೊಂದು ನಕ್ಷತ್ರದಿಂದಲೂ ಎರಡನೆಯದಕ್ಕೆ ಸಿಗುವ ಬೆಳಕು ಐದು ಪಟ್ಟಿನ ಹತ್ತಿರ. ಕ್ಷೀರಪಥಕ್ಕೆ ಲೆನ್ಸ್ ಹುಡುಕುವವರು ಅಗಲದ ಹಿಂದೆ ಬೀಳದೆ 20 ಅಥವಾ 24ರ ವೇಗದ (ದೊಡ್ಡ ತೆರಪಿನ) ಪ್ರೈಮ್, ಅಂದರೆ ಜೂಮ್ ಇಲ್ಲದ ಲೆನ್ಸ್, ಕೊಳ್ಳುವುದು ಜಾಣತನ. ಆಕಾಶ ಸಾಲದಿದ್ದರೆ ಮೂರು ಫ್ರೇಮ್ ತೆಗೆದು ಜೋಡಿಸಬಹುದು. ಮೂಲೆಯ ನಕ್ಷತ್ರಗಳಿಗೆ ರೆಕ್ಕೆ ಮೂಡುವ ಕೋಮಾ ದೋಷವನ್ನು ಮಾತ್ರ ಯಾವ ಮಾಮೂಲಿ ಸಾಫ್ಟ್‌ವೇರೂ ಸರಿಯಾಗಿ ತೆಗೆಯಲಾರದು. ಅದನ್ನು ಕೊಳ್ಳುವ ಮುಂಚೆಯೇ ನೋಡಿಕೊಳ್ಳಬೇಕು.

ಫಿಲ್ಟರ್ ಮತ್ತು ಮೌಂಟ್

ಮುಂಭಾಗದ ಗಾಜು ಉಬ್ಬಿರುವ ಲೆನ್ಸಿಗೆ ತಿರುಪುವ ಫಿಲ್ಟರ್ ಕೂರುವುದಿಲ್ಲ. ಸೋನಿ 14 ಎಂ.ಎಂ. ಎಫ್/1.8 ಜಿಎಂ ಹಿಂಬದಿಯಲ್ಲಿ ಜೆಲ್ ಹಾಳೆ (ತೆಳು ಹಾಳೆಯಂಥ ಫಿಲ್ಟರ್) ತೂರಿಸಬೇಕು. ನಿಕಾನ್ ಝಡ್ 14-24 ಎಫ್/2.8 ಜೊತೆ ಬರುವ ಹುಡ್‌ಗೆ 112 ಎಂ.ಎಂ. ಫಿಲ್ಟರ್ ಬೇಕು. ನೀರನ್ನು ಹಾಲಿನಂತೆ ತೋರಿಸಲು ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬಳಸುವವರು ಈ ಖರ್ಚನ್ನೂ ತೊಡಕನ್ನೂ ಲೆನ್ಸಿನ ಲೆಕ್ಕಕ್ಕೇ ಸೇರಿಸಲಿ. ಪೋಲರೈಸರ್ (ಹೊಳಪು ತಗ್ಗಿಸಿ ಆಕಾಶದ ನೀಲಿ ಗಾಢವಾಗಿಸುವ ಫಿಲ್ಟರ್) ಬಗ್ಗೆ ಅತಿಯಾಸೆ ಬೇಡ: 24ಕ್ಕಿಂತ ಅಗಲದಲ್ಲಿ ನೀಲಿ ಆಕಾಶ ಒಂದು ಕಡೆ ಗಾಢ, ಇನ್ನೊಂದು ಕಡೆ ಪೇಲವವಾಗಿ ಪಟ್ಟೆ ಬೀಳುತ್ತದೆ. ನೀರಿನ ಮೇಲಿನ, ಎಲೆಗಳ ಮೇಲಿನ ಹೊಳಪು ತೆಗೆಯಲು ಮಾತ್ರ ಸರಿ.

ಚಿಕ್ಕ ಸೆನ್ಸರಿಗಾಗಿ ಮಾಡಿದ ಎಪಿಎಸ್-ಸಿ ಲೆನ್ಸ್ ಅಗ್ಗವೆಂದು ಹಾಕಿದರೆ ಕ್ಯಾಮೆರಾ ಸೆನ್ಸರಿನ ನಡುಭಾಗ ಮಾತ್ರ ಬಳಸುವ ಕ್ರಾಪ್ ಮೋಡಿಗೆ ಹೋಗುತ್ತದೆ. 24 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು ಹತ್ತು ಚಿಲ್ಲರೆ, ಅಗಲವೂ ಹೋಯಿತು. ಹಳೆಯ ಡಿಎಸ್‌ಎಲ್‌ಆರ್ ವೈಡ್ ಲೆನ್ಸುಗಳು ಅಡಾಪ್ಟರ್ (ಬೇರೆ ಮೌಂಟಿಗೆ ಲೆನ್ಸ್ ಕೂರಿಸುವ ಬಳೆ) ಮೇಲೆ ಮಿರರ್‌ಲೆಸ್‌ನಲ್ಲಿ ಚೆನ್ನಾಗಿಯೇ ನಡೆಯುತ್ತವೆ. ಫಿಲ್ಮ್ ಕಾಲದ, ಒಳಗೆ ಕನ್ನಡಿಯಿಲ್ಲದ ರೇಂಜ್‌ಫೈಂಡರ್ ವೈಡ್‌ಗಳು ಹಾಗಲ್ಲ. ಅವುಗಳ ಹಿಂದಿನ ಗಾಜು ಸೆನ್ಸರಿಗೆ ತೀರ ಹತ್ತಿರವಿದ್ದು ಬೆಳಕು ಓರೆಯಾಗಿ ಬೀಳುವುದರಿಂದ, ಸೆನ್ಸರ್ ಮೇಲಿನ ಗಾಜಿನ ಪದರದಲ್ಲಿ ಹಾದು ಮೂಲೆ ಕಲಸಿಹೋಗುತ್ತದೆ.

ಕೈಗೆ ಬಂದ ಪ್ರತಿಯನ್ನು ಪರೀಕ್ಷಿಸುವುದು

ವಿಮರ್ಶೆಗಳು ಹೊಗಳಿದ ಮಾತ್ರಕ್ಕೆ ನಿಮ್ಮ ಕೈಗೆ ಬಂದ ಲೆನ್ಸ್ ಸರಿಯಿದೆ ಎಂದಲ್ಲ. ವೈಡ್ ಲೆನ್ಸುಗಳಲ್ಲಿ ಒಂದು ಗಾಜು ಕೂದಲೆಳೆಯಷ್ಟು ಓರೆಯಾಗಿ ಕೂತರೂ ಫ್ರೇಮಿನ ಒಂದು ಪಕ್ಕ ಮಬ್ಬಾಗುತ್ತದೆ. ಹಿಂದಿರುಗಿಸುವ ಅವಧಿ ಮುಗಿಯುವ ಮುಂಚೆ ಹೀಗೆ ಮಾಡಿ.

ಇಟ್ಟಿಗೆ ಗೋಡೆಯ ಫೋಟೋ ತೆಗೆದು ಪರೀಕ್ಷಿಸಬೇಡಿ. ಕ್ಯಾಮೆರಾ ಗೋಡೆಗೆ ಸಮಾನಾಂತರವಾಗಿ ಇಲ್ಲದಿದ್ದರೆ ಇಲ್ಲದ ದೋಷ ಕಾಣುತ್ತದೆ. ನೂರಿನ್ನೂರು ಮೀಟರ್ ಆಚೆಯ, ಸೂಕ್ಷ್ಮ ವಿವರವಿರುವ ಒಂದು ವಸ್ತು ಆರಿಸಿ, ಟವರಿನ ಕಂಬಿಗಳೋ ಕಟ್ಟಡದ ಕಿಟಕಿಗಳೋ ಆಗಬಹುದು. ಟ್ರೈಪಾಡ್ ಮೇಲೆ ಕನಿಷ್ಠ ಐಎಸ್‌ಒ, ಎರಡು ಸೆಕೆಂಡ್ ಟೈಮರ್, ಅಪರ್ಚರ್ ಪೂರ್ತಿ ತೆರೆದು, ವಸ್ತುವನ್ನು ನಡುವೆ ಇಟ್ಟು ಫೋಕಸ್ ಮಾಡಿ. ಆಮೇಲೆ ಮ್ಯಾನುವಲ್ ಫೋಕಸಿಗೆ ಬದಲಿಸಿ, ರಿಂಗ್ ಮುಟ್ಟದೆ, ಕ್ಯಾಮೆರಾ ತಿರುಗಿಸುತ್ತ ಅದೇ ವಸ್ತು ಒಂದೊಂದೇ ಮೂಲೆಗೆ ಬರುವಂತೆ ನಾಲ್ಕು ಫೋಟೋ ತೆಗೆಯಿರಿ. ಎಫ್/8ರಲ್ಲಿ ಮತ್ತೆ ನಾಲ್ಕು. ಜೂಮ್ ಆದರೆ ಎರಡೂ ತುದಿಯಲ್ಲಿ. ಕಂಪ್ಯೂಟರಿನಲ್ಲಿ ನೂರು ಪ್ರತಿಶತಕ್ಕೆ ಹಿಗ್ಗಿಸಿ ಮೂಲೆಗಳನ್ನು ಅಕ್ಕಪಕ್ಕ ಇಡಿ. ನಾಲ್ಕೂ ಒಂದೇ ಮಟ್ಟಕ್ಕೆ ಮೆದುವಾಗಿದ್ದರೆ ಅದು ಆ ಲೆನ್ಸಿನ ಸ್ವಭಾವ. ಒಂದು ಮೂಲೆ ಅಥವಾ ಒಂದು ಪಕ್ಕ ಮಾತ್ರ ಕೆಟ್ಟಿದ್ದು, ಎಫ್/8ರಲ್ಲೂ ಉಳಿದವನ್ನು ಸರಿಗಟ್ಟದಿದ್ದರೆ ಗಾಜು ಕೂತಿರುವುದೇ ತಪ್ಪಾಗಿ. ಮರಳಿ ಕೊಟ್ಟು ಬೇರೆ ಪ್ರತಿ ಕೇಳಿ.

ಕೋಮಾ ನೋಡಲು ಅದೇ ಕ್ರಮವನ್ನು ಕತ್ತಲಾದ ಮೇಲೆ ದೂರದ ಒಂದು ಸಣ್ಣ ದೀಪವಿಟ್ಟುಕೊಂಡು ಮಾಡಿದರಾಯಿತು. ಎಕ್ಸ್‌ಪೋಶರ್ ತುಸು ಕಡಿಮೆ ಇರಲಿ, ಇಲ್ಲದಿದ್ದರೆ ದೀಪ ಬಿಳಿ ಉಂಡೆಯಾಗಿ ರೆಕ್ಕೆಯ ಆಕಾರ ಅದರಲ್ಲೇ ಮುಚ್ಚಿಹೋಗುತ್ತದೆ. ವಿಡಿಯೋ ಮಾಡುವವರು ಕೈಯಲ್ಲಿ ಹಿಡಿದು ನಡೆಯುತ್ತ ಒಂದು ತುಣುಕನ್ನೂ ತೆಗೆದು ನೋಡಲಿ: ಕೈಯ ಅಲುಗಾಟ ತಡೆಯುವ ಸೆನ್ಸರ್ ಸ್ಟೆಬಿಲೈಸೇಶನ್ ನಡುಭಾಗವನ್ನು ನಿಲ್ಲಿಸಿದರೂ 20ಕ್ಕಿಂತ ಅಗಲದಲ್ಲಿ ಮೂಲೆಗಳು ಅಲ್ಲಾಡುತ್ತಿರುವುದು ಎದ್ದು ಕಾಣಬಹುದು. ಕಂಡರೆ ಅದು ನಿಮ್ಮ ಪ್ರತಿಯ ದೋಷವಲ್ಲ. ಸ್ಟೆಬಿಲೈಸೇಶನ್ ಆಫ್ ಮಾಡಿ ಗಿಂಬಲ್ (ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಮೋಟಾರು ಹಿಡಿಕೆ) ಬಳಸಿ.